ಎಲೆ ಅಡಿಕೆ ತಟ್ಟೆಯಲ್ಲಿ ಶೆಡ್ಡಿನ ಬೀಗದ ಕೈ

ನಾಲ್ಕೂ ಚಕ್ರ ಎಳೆಯುವ ಕಾರನ್ನು ನನ್ನ ಮೊಮ್ಮಗಳು ಹಿಂದಿನ ಎರಡೇ ಚಕ್ರದಿಂದ ಓಡುವ ಹಾಗೆ ಮಾಡಿದಳು. ಈ ಮಾತನ್ನು ಚಳ್ಳಕೆರೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಹೇಳಿದ್ದೇನೆ. ಬಿ.ಪಿ. ನೋಡುವ ನರ್ಸಮ್ಮನಿಗೂ ಹೇಳಿದೆ. ಆಕೆ, "ಅಜ್ಜಿ, ಒಂದೀಟು ಹೊತ್ತು ಸುಮ್ನಿರ್ರಿ, ನೀವು ಮಾತಾಡಿದಷ್ಟೂ ಇದು ಮೇಲೇರ್ತೈತೆ" ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳಿಗೂ ಸಾಕಾಗಿರಬೇಕು, "ಅಷ್ಟು ಹೇಳೋ ಬದ್ಲು ಬರೆದಿಡಜ್ಜಿ" ಅಂದಳು. ಬರೆಯಲು ಕೂತರೆ ಹಿಗ್ಗಿನ ಜೊತೆಗೆ ಕಹಿಯೂ ಬರುತ್ತದೆ. ಎರಡನ್ನೂ ಬೇರೆ ಮಾಡಿ ಬರೆಯಲು ನನಗೆ ಬಾರದು.

ನಮ್ಮ ಮನೆ ಮೊಳಕಾಲ್ಮೂರಿನಲ್ಲಿ ರಾಯದುರ್ಗದ ರಸ್ತೆಗೆ ಇದೆ. ಮನೆಗೆ ಅಂಟಿಕೊಂಡು ಒಂದು ಉದ್ದನೆಯ ಶೆಡ್ಡು. ನನ್ನ ಯಜಮಾನರು ಇದ್ದಾಗ ಅದರಲ್ಲಿ ರೇಷ್ಮೆ ಮಗ್ಗಗಳಿದ್ದವು. ನಮ್ಮದು ಗುಂಡಿ ಮಗ್ಗ. ನೇಯುವವರು ನೆಲದಲ್ಲೇ ಕೂತು, ಮುಂದಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯಬೇಕು. ಯಜಮಾನರು ಹೋದ ಮೇಲೆ ನನ್ನ ಮಗ ನೇಯುವುದನ್ನು ಬಿಟ್ಟು, ನೇಯುವವರಿಂದ ಸೀರೆ ತಗೊಂಡು ಅಂಗಡಿಗಳಿಗೆ ಕೊಡುವ ವ್ಯಾಪಾರ ಹಿಡಿದ. ಮಗ್ಗಗಳು ಒಂದೊಂದಾಗಿ ಹೋದವು. ಗುಂಡಿಗಳು ಮಾತ್ರ ಉಳಿದವು. ಗುಂಡಿಯನ್ನು ಯಾರು ಕೊಂಡಾರು?

ವ್ಯಾಪಾರ ಕೈ ಹಿಡಿದಾಗ ಮಗ ಬಳ್ಳಾರಿ ಕಡೆಯ ಒಬ್ಬ ಕಂಟ್ರಾಕ್ಟರನ ಹತ್ತಿರ ಒಂದು ಹಳೆಯ ದೊಡ್ಡ ಕಾರು ತಗೊಂಡ. "ನಾಕೂ ಗಾಲಿ ಎಳಿತಾವೆ ಅವ್ವ, ಎಂಥಾ ಕೆಸರಾದ್ರೂ ಎದ್ದು ಬರ್ತೈತೆ" ಅಂದ. ನಮ್ಮ ಕಡೆ ಕೆಸರು ಕಾಣಬೇಕಾದರೆ ಬಚ್ಚಲ ಹಿಂದೆ ಹೋಗಿ ನೋಡಬೇಕು. ಆದರೂ ಮಗನ ಮುಖ ಅರಳಿದ್ದು ನೋಡಿ ನಾನೇ ಕಾರಿಗೆ ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆದೆ. ಸ್ವಲ್ಪ ಕಾಲ ಓಡಿತು. ಆಮೇಲೆ ಮುಂದಿನ ಚಕ್ರಗಳ ನಡುವಿನಿಂದ ನಾಯಿ ಊಳಿಟ್ಟ ಹಾಗೆ ಸದ್ದು ಶುರುವಾಯಿತು. ಆ ಸಾಮಾನು ಈಗ ಸಿಗುವುದೇ ಇಲ್ಲ ಎಂದು ಕಂಪನಿಯವರು ಕೈ ಎತ್ತಿದರು. ಕಾರು ಶೆಡ್ಡು ಸೇರಿತು. ಅದರ ಮೇಲೆ ಕೋಳಿ ಕೂತವು.

ಇನ್ನು ಮೊಮ್ಮಗಳ ವಿಷಯ. ಇವಳು ನನ್ನ ಮಗಳ ಮಗಳು. ಮಗಳನ್ನು ಚಳ್ಳಕೆರೆಗೆ ಕೊಟ್ಟಿದ್ದೇವೆ. ಅಳಿಯ ಅಲ್ಲಿ ಶೇಂಗಾ ಎಣ್ಣೆ ಮಿಲ್ಲಿನಲ್ಲಿದ್ದಾರೆ. ಮೊಮ್ಮಗಳು ಗಾಡಿಗಳ ಡಿಪ್ಲೊಮಾ ಓದಿ ಒಂದು ಗ್ಯಾರೇಜಿಗೆ ಸೇರಿದಳು. ಅಲ್ಲಿ ಅವಳ ಕೈಗೆ ಸ್ಪ್ಯಾನರ್ ಕೊಡಲಿಲ್ಲ, ಬಿಲ್ ಪುಸ್ತಕ ಕೊಟ್ಟರು. "ನೀನು ಕೂತ್ಕೊಂಡು ಬರಿಯಮ್ಮ, ಕೈ ಕರ್ರಗಾಗ್ತಾವೆ" ಅಂದರಂತೆ. ಅದಕ್ಕೇ ರಜೆ ಸಿಕ್ಕಿದಾಗೆಲ್ಲ ನಮ್ಮಲ್ಲಿಗೆ ಓಡಿ ಬರುತ್ತಿದ್ದಳು. ನನ್ನನ್ನು ನೋಡೋಕೆ ಎಂದು ನಾನು ಉಬ್ಬುತ್ತಿದ್ದೆ. ಬಂದವಳು ನನ್ನ ಕೆನ್ನೆ ಹಿಂಡಿ ನೇರ ಕಾರಿನ ಕೆಳಗೆ ಹೋಗುತ್ತಿದ್ದಳು. ಹೋಗಲಿ, ಕೆನ್ನೆ ಹಿಂಡಿಯಾದರೂ ಹೋಗುತ್ತಿದ್ದಳಲ್ಲ.

ಒಂದು ಭಾನುವಾರ ಊಟವಾದ ಮೇಲೆ ಮಗ ಕಟ್ಟೆಯ ಮೇಲೆ ಕೇರಿಯ ಇಬ್ಬರು ಹಿರಿಯರ ಜೊತೆ ಕೂತಿದ್ದ. ಗುಜರಿಯವನಿಗೆ ಹೇಳಿದ್ದೇನೆ, ಬಂದು ಕಾರು ಎತ್ತಿಕೊಂಡು ಹೋಗುತ್ತಾನೆ ಅಂದ. ಶೆಡ್ಡಿನಿಂದ ಇವಳು ಎದ್ದು ಬಂದಳು. ತಲೆಯಲ್ಲಿ ಕೋಳಿಪುಕ್ಕ.

"ಮಾವ, ಎಂಜಿನ್ ಗಟ್ಟಿ ಐತೆ. ಕೆಟ್ಟಿರೋದು ಮುಂದಿನ ಗಾಲಿಗೆ ಶಕ್ತಿ ಕೊಡೋ ಡಬ್ಬಿ ಅಷ್ಟೆ. ಮುಂದಿಂದೆಲ್ಲ ಬಿಚ್ಚಿಹಾಕಿ ಹಿಂದಿನ ಗಾಲಿಯಿಂದಷ್ಟೆ ಓಡೋ ಹಂಗೆ ಮಾಡಬಹುದು."

"ಯಾರು ಮಾಡೋರು?"

"ನಾನು."

ಮಗ ಹಿರಿಯರ ಕಡೆ ನೋಡಿ ನಕ್ಕ. "ಕೇಳಿದ್ರೇನ್ರಿ? ಕಂಪ್ನಿಯೋರ ಕೈಲಿ ಆಗದೇ ಇರೋದು ನಮ್ಮ ಹುಡುಗಿ ಕೈಲಿ ಆಗ್ತೈತಂತೆ."

"ಮಾಡಿದ್ರೆ ಏನು ಕೊಡ್ತೀಯ ಮಾವ?"

"ಏನು ಬೇಕವ್ವ ನಿಂಗೆ?"

"ಈ ಶೆಡ್ಡು. ಗ್ಯಾರೇಜ್ ಹಾಕ್ತೀನಿ. ಪುಕ್ಕಟೆ ಬ್ಯಾಡ, ಎಲ್ರೂ ಕೊಡೋ ಹಂಗೆ ಬಾಡಿಗೆ ಕೊಡ್ತೀನಿ."

"ಓಡಿಸಿ ತೋರ್ಸು. ಬೀಗದ ಕೈ ನಿನ್ನ ಕೈಗೇ ಕೊಡ್ತೀನಿ. ಇವ್ರಿಬ್ರೂ ಸಾಕ್ಷಿ."

ಅವನು ಆಡಿದ ಮಾತು ಇದು. ಒಂದಕ್ಷರ ನಾನು ಸೇರಿಸಿಲ್ಲ.

ಅಂದಿನಿಂದ ಅವಳಿಗೆ ರಜೆ ಎಂದರೆ ಶೆಡ್ಡು. ಕಾರಿನ ಕೆಳಗೆ ಮಲಗಿದರೆ ಕೈ ಎತ್ತಲು ಜಾಗ ಸಾಲದು. ಆಗ ಅವಳ ಕಣ್ಣು ಮಗ್ಗದ ಗುಂಡಿಯ ಮೇಲೆ ಬಿತ್ತು. ಕೇರಿಯವರನ್ನು ಕರೆದು ಕಾರನ್ನು ತಳ್ಳಿಸಿ, ಗುಂಡಿಯ ಮೇಲೆ ಸರಿಯಾಗಿ ನಿಲ್ಲಿಸಿ, ಗುಂಡಿಯೊಳಗೆ ಇಳಿದು ಕೂತಳು. ಅವಳ ತಾತ ಕಾಲು ಬಿಟ್ಟು ಕೂರುತ್ತಿದ್ದ ಗುಂಡಿ. ತಲೆಯ ಮೇಲೆ ಕಾರಿನ ಹೊಟ್ಟೆ, ಕೈಯಲ್ಲಿ ಸ್ಪ್ಯಾನರ್. "ಅಜ್ಜಿ, ತಾತ ನನಗಂತಲೇ ತೋಡವ್ನೆ. ಇನ್ನೊಂದೀಟು ಆಳ ಮಾಡಿದ್ರೆ ನಿಂತ್ಕೊಂಡೇ ಕೆಲ್ಸ ಮಾಡಬಹುದು" ಅಂದಳು. ನನಗೆ ಅಳು ಬಂತು, ನಗುವೂ ಬಂತು. ಆ ಗುಂಡಿಗಳ ಪಕ್ಕದಲ್ಲೇ ಕೂತು ಲಾಳಿಗೆ ನೂಲು ಸುತ್ತಿ ಸುತ್ತಿ ನನ್ನ ಬೆರಳು ಸವೆದಿವೆ. ಈಗ ಅದೇ ಜಾಗದಲ್ಲಿ ಕೂತು ಅವಳಿಗೆ ಬ್ಯಾಟರಿ ಹಿಡಿದೆ. ಅವಳು ಕೇಳಿದ ಸ್ಪ್ಯಾನರ್ ಕೊಟ್ಟೆ. ಬೇರೆಯದನ್ನು ಕೊಟ್ಟರೆ ಗುಂಡಿಯಿಂದ ಕೈ ಮಾತ್ರ ಮೇಲೆ ಬಂದು ವಾಪಸ್ ಕೊಡುತ್ತಿತ್ತು.

ಎಂಜಿನ್ನಿನಿಂದ ಮುಂದಿನ ಚಕ್ರಗಳಿಗೆ ಹೋಗುವ ಕಬ್ಬಿಣದ ಕೋಲನ್ನು ಬಿಚ್ಚಿದಳು. ಚಕ್ರಗಳ ಕಡೆಯ ಕೋಲುಗಳನ್ನೂ ತೆಗೆದಳು. ಆದರೆ ಚಕ್ರದ ಒಳಗೆ ಕೋಲಿನ ತುದಿಯ ಒಂದೊಂದು ತುಂಡನ್ನು ಹಾಗೇ ಬಿಟ್ಟಳು. ಅದನ್ನೂ ಯಾಕೆ ತೆಗೀಲಿಲ್ಲ ಎಂದು ಕೇಳಿದೆ. "ಚಕ್ರದ ಬೇರಿಂಗನ್ನ ಬಿಗಿ ಹಿಡಿದಿರೋದೇ ಅದು. ಅದನ್ನ ತೆಗೆದ್ರೆ ಓಡ್ತಾ ಓಡ್ತಾ ಚಕ್ರ ಬೇರೆ, ನಾವು ಬೇರೆ" ಅಂದಳು.

ಓಡಿಸುವ ದಿನ ಕೇರಿಗೆ ಕೇರಿಯೇ ಬಂತು. ಕರೆದವನು ನನ್ನ ಮಗ. ಕಾರನ್ನು ರಸ್ತೆಗೆ ತಳ್ಳಿ ನಿಲ್ಲಿಸಿದರು. ಅವಳು ಕೂತು ಸ್ಟಾರ್ಟ್ ಮಾಡಿದಳು. ಎಂಜಿನ್ ಮೊದಲ ಏಟಿಗೇ ಎದ್ದಿತು. ಗೇರು ಹಾಕಿ ಒತ್ತಿದಳು. ಕಾರು ಗರ್ಜಿಸಿತು, ಒಳಗೆ ಮೀಟರಿನ ಮುಳ್ಳು ಸರಸರ ಮೇಲೇರಿತು, ಕಾರು ಮಾತ್ರ ನಿಂತಲ್ಲೇ ನಿಂತಿತ್ತು. ಇನ್ನೂ ಒತ್ತಿದಳು. ಇನ್ನೂ ಗರ್ಜನೆ. ಒಂದು ಗೇಣು ಕದಲಲಿಲ್ಲ.

ಎದುರು ಮನೆಯ ತೆಲುಗಿನಾಕೆ ಸೆರಗು ಬಾಯಿಗೆ ಇಟ್ಟುಕೊಂಡು, "ಬಂಡಿ ಕದಲ್ಲೇದು ಕದಾ ಅಕ್ಕಾ" ಅಂದಳು. ಗಾಡಿ ಕದಲಲಿಲ್ಲ ಎನ್ನುವುದನ್ನು ನನಗೆ ತೆಲುಗಿನಲ್ಲೂ ಹೇಳಬೇಕಿತ್ತೇ. ಹಿರಿಯರಲ್ಲಿ ಒಬ್ಬರು, "ಕೂತಲ್ಲೇ ಕಾಶಿಗೆ ಹೋಗೋ ಕಾರು ಮಾಡವ್ಳೆ ಬಿಡಪ್ಪ" ಅಂದರು. ಎಲ್ಲರೂ ನಕ್ಕರು. ನನ್ನ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ಸ್ವಂತ ಅಕ್ಕನ ಮಗಳು ಬೀದಿಯಲ್ಲಿ ತಲೆ ತಗ್ಗಿಸಿ ಕೂತಿರುವಾಗ ಹಾಗೆ ನಗುವ ಗಂಟಲನ್ನು ನಾನೇ ಹಾಲೆರೆದು ಬೆಳೆಸಿದ್ದೆ. "ಗುಜರಿಯವನ ನಂಬರ್ ಇನ್ನೂ ಇಟ್ಕೊಂಡಿದೀನಿ" ಅಂದು ಒಳಗೆ ಹೋದ.

ಅವಳು ಅಳಲಿಲ್ಲ. ಸ್ಟೇರಿಂಗ್ ಮೇಲೆ ಗಲ್ಲ ಇಟ್ಟು ಸುಮಾರು ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ನಮ್ಮ ಕೇರಿಗೆ ನೀರು ಬಿಟ್ಟಾಗ ಕೆಳಗಿನ ನಲ್ಲಿ ತೆರೆದಿದ್ರೆ ಮೇಲಿನ ನಲ್ಲಿಗೆ ಏನಾಗ್ತೈತೆ?" ಎಂದು ಕೇಳಿದಳು.

"ಆಗೋದೇನು, ಮೇಲಿನೋರಿಗೆ ಬರೀ ಗಾಳಿ. ನೀರೆಲ್ಲ ಕೆಳಗಡೆ ಹೋಗ್ತೈತೆ."

"ಹಂಗೇ ಆಗೈತೆ. ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಡಬ್ಬಿ ಮಧ್ಯೆ ಇನ್ನೂ ಐತೆ. ಮುಂದಿನ ಕೋಲು ಬಿಚ್ಚಿದ್ರಿಂದ ಆ ಕಡೆ ತೆರೆದ ನಲ್ಲಿ ಆದಂಗಾಗಿ, ಎಲ್ಲಾ ಅಲ್ಲೇ ಸೋರಿ ಹೋಗ್ತೈತೆ. ಆ ಡಬ್ಬಿ ಒಳಗಿನ ಹಲ್ಲುಗಳನ್ನ ಒಂದಕ್ಕೊಂದು ಬೆಸೆದುಬಿಟ್ರೆ ಹಂಚೋ ಆಟ ನಿಲ್ತೈತೆ. ಇದ್ದುದೆಲ್ಲ ಹಿಂದಕ್ಕೇ ಹೋಗಬೇಕು."

ನನಗೆ ಪೂರಾ ಅರ್ಥವಾಯಿತು. ನಮ್ಮ ನಲ್ಲಿಯ ಜಗಳ ಕಂಡವರಿಗೆ ಯಾರಿಗಾದರೂ ಅರ್ಥವಾಗುತ್ತದೆ. ನಕ್ಕವರನ್ನೆಲ್ಲ ಅಲ್ಲೇ ನಿಲ್ಲಿಸಿ ಹೇಳಬೇಕೆನಿಸಿತು. ಅಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ನಗುವಾಗ ಇದ್ದ ಜನ ಕಾರನ್ನು ಮತ್ತೆ ಒಳಗೆ ತಳ್ಳುವಾಗ ಇರಲಿಲ್ಲ.

ಆ ಡಬ್ಬಿಯನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಇಬ್ಬರೂ ಚಳ್ಳಕೆರೆ ಬಸ್ಸು ಹತ್ತಿದೆವು. ಕಂಡಕ್ಟರ್ ಚೀಲವನ್ನು ಕಾಲಿನಿಂದ ಮುಟ್ಟಿ ನೋಡಿದ. "ಏನಜ್ಜಿ ಇದು? ಬಸ್ಸೇ ಒಂದು ಕಡೆ ವಾಲ್ತೈತೆ. ಲಗೇಜ್ ಟಿಕೆಟ್ ತಗೊಳ್ರಿ."

"ಕಾರಿನ ಸಾಮಾನಪ್ಪ. ನನ್ನ ಮೊಮ್ಮಗಳು ಬಿಚ್ಚಿದ್ದು."

"ಕಾರು ಇಟ್ಕೊಂಡು ಬಸ್ಸಾಗೆ ಯಾಕೆ ಬರ್ತೀರಿ?"

"ಅದು ಓಡಲ್ಲ ಅಂತ್ಲೇ ಬಸ್ಸು."

ಅವನು ನಕ್ಕು ಮುಂದೆ ಹೋದ, ಟಿಕೆಟ್ ಮಾತ್ರ ಬಿಡಲಿಲ್ಲ.

ಚಳ್ಳಕೆರೆಯಲ್ಲಿ ಟ್ರಾಕ್ಟರ್ ಟ್ರೈಲರ್ ಮಾಡುವ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆವು. ಅಲ್ಲಿಯವನು ಡಬ್ಬಿ ನೋಡಿದ, ನನ್ನನ್ನು ನೋಡಿದ, ಅವಳ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಬಾಗಿಲ ಕಡೆ ನೋಡಿದ. "ಮೇಸ್ತ್ರಿ ಎಲ್ಲಿದಾರಮ್ಮ?"

"ನಾನೇ ಅಣ್ಣ."

"ಇದನ್ನ ಬೆಸೆದ್ರೆ ಮತ್ತೆ ಬಿಡಿಸೋಕೆ ಆಗಲ್ಲ. ಆಮ್ಯಾಲೆ ಬಂದು ನನ್ನ ಮೇಲೆ ಹೇಳಬಾರ್ದು."

"ಬಿಡಿಸೋದು ಬ್ಯಾಡ. ನಾನು ಸೀಮೆಸುಣ್ಣದಾಗೆ ಗುರ್ತು ಹಾಕಿರೋ ಕಡೆ ಅಷ್ಟೇ ಹಚ್ಚು."

ಅವನು ಹಚ್ಚಿದ. ಅವಳು ಗುರುತು ಹಾಕಿದಲ್ಲಿ, ಅವಳು ಹೇಳಿದಷ್ಟು. ಇದನ್ನು ಯಾಕೆ ಒತ್ತಿ ಬರೆಯುತ್ತೇನೆಂದರೆ, ಮುಂದೆ ನನ್ನ ಮಗ ಊರಿಗೆಲ್ಲ ಬೇರೆ ಕಥೆ ಹೇಳಿದ.

ಎರಡನೇ ಸಲ ಓಡಿಸಿದಾಗ ನೋಡುವವರು ಯಾರೂ ಇರಲಿಲ್ಲ. ಯಾರನ್ನೂ ಕರೆದಿರಲಿಲ್ಲ. ಅವಳು ಗೇರು ಹಾಕಿದಳು. ಕಾರು ಮೆಲ್ಲಗೆ ಶೆಡ್ಡಿನಿಂದ ಆಚೆ ಬಂತು. ತಳ್ಳುವವರಿಲ್ಲದೆ ತಾನೇ ಬಂತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಸೀಟಿನಲ್ಲಿ ಕೂತುಬಿಟ್ಟೆ. ಎಲ್ಲಿಗೆ ಎಂದು ಕೇಳಿದಳು. ಎಲ್ಲಿಗಾದರೂ ಅಂದೆ. ಜಟಿಂಗ ರಾಮೇಶ್ವರದ ಬೆಟ್ಟದ ಬುಡದ ತನಕ ಹೋದೆವು. ಮೊದಲು ಆ ಕಾರು ಮುಂದೆ ಯಾರೋ ಹಗ್ಗ ಹಿಡಿದು ಎಳೆದ ಹಾಗೆ ಹೋಗುತ್ತಿತ್ತು. ಈಗ ಹಿಂದಿನಿಂದ ಯಾರೋ ಸೊಂಟಕ್ಕೆ ಕೈ ಕೊಟ್ಟು ತಳ್ಳಿದ ಹಾಗಿತ್ತು. ಸ್ಟೇರಿಂಗ್ ಹಗುರಾಗಿದೆ ನೋಡು ಎಂದು ಅವಳು ಒಂದೇ ಬೆರಳಲ್ಲಿ ತಿರುಗಿಸಿದಳು. ನಾನು ಕಿಟಕಿಯಿಂದ ಕೈ ಆಚೆ ಹಾಕಿ, ಕುರಿ ಮೇಯಿಸುವವರಿಗೆಲ್ಲ ಕೈ ಬೀಸಿದೆ. ಪರಿಚಯ ಇದ್ದವರಿಗೂ ಬೀಸಿದೆ, ಇಲ್ಲದವರಿಗೂ ಬೀಸಿದೆ. ಅಷ್ಟು ಸಂತೋಷ ನನ್ನ ಮದುವೆಯಲ್ಲೂ ನನಗೆ ಆಗಿರಲಿಲ್ಲ. ಆಗ ನಾನು ಬರೀ ಹೆದರಿದ್ದೆ.

ಮಗನೂ ಓಡಿಸಿ ನೋಡಿದ. ಇಲ್ಲೇ ಪಕ್ಕದ ಹಾನಗಲ್ಲಿನ ತನಕ ಹೋಗಿ ಬಂದು, "ಪರ್ವಾಗಿಲ್ಲ ಕಣೇ" ಅಂದ. "ಶುಕ್ರವಾರ ಬಾ. ಒಳ್ಳೆ ದಿನ. ಬೀಗದ ಕೈ ಕೊಡ್ತೀನಿ. ನಿಮ್ಮಪ್ಪ ಅವ್ವನ್ನೂ ಕರ್ಕೊಂಡು ಬಾ." ಅವಳು ಆ ವಾರವೇ ಬಿಲ್ ಬರೆಯುವ ಕೆಲಸ ಬಿಟ್ಟಳು. ಶೆಡ್ಡಿನ ಯಾವ ಗುಂಡಿ ಆಳ ಮಾಡಿಸಬೇಕು, ಬೆಂಚು ಎಲ್ಲಿ ಹಾಕಬೇಕು ಎಂದು ಫೋನಿನಲ್ಲಿ ನನಗೆ ಹೇಳಿದ್ದೇ ಹೇಳಿದ್ದು.

ಶುಕ್ರವಾರ ಮನೆಯಲ್ಲಿ ಹೋಳಿಗೆಯ ವಾಸನೆ. ನನ್ನ ಸೊಸೆ ಜರಿ ಸೀರೆ ಉಟ್ಟಿದ್ದಳು. ಸಾಕ್ಷಿಗೆ ಅಂದು ಕೂತಿದ್ದ ಆ ಇಬ್ಬರು ಹಿರಿಯರೂ ಬಂದಿದ್ದರು. ಬೀಗದ ಕೈ ಕೊಡುವುದಕ್ಕೆ ಇಷ್ಟು ಸಡಗರವೇ ಎಂದುಕೊಂಡೆ, ಆದರೂ ನನ್ನ ಮಗ ದೊಡ್ಡ ಮನಸ್ಸು ಮಾಡಿದ ಎಂದು ಹಿಗ್ಗಿದೆ. ಆಮೇಲೆ ಸೊಸೆ ತಟ್ಟೆ ತಂದಳು. ಎಲೆ, ಅಡಿಕೆ, ಕಾಯಿ, ಅರಿಶಿನ ಕುಂಕುಮ, ರವಿಕೆ ಬಟ್ಟೆ. ಎಲ್ಲದರ ಮೇಲೆ ಶೆಡ್ಡಿನ ಬೀಗದ ಕೈ.

ನಮ್ಮಲ್ಲಿ ಸೋದರಮಾವನ ಮನೆಯ ಎಲೆ ಅಡಿಕೆ ತಟ್ಟೆಯನ್ನು ಹೆಣ್ಣು ಹಿರಿಯರ ಎದುರು ತಗೊಂಡಳೆಂದರೆ, ಆ ಮನೆಯ ಮಗನ ಜೊತೆ ಮದುವೆಯ ಮಾತಾಯಿತು ಎಂದೇ ಲೆಕ್ಕ. ಬಿಡಿಸಿ ಹೇಳುವುದಿಲ್ಲ, ಕೇಳುವುದೂ ಇಲ್ಲ. ನಾನೂ ನನ್ನ ಮಾವನ ಮನೆಗೆ ಹಾಗೇ ಬಂದವಳು. ಮೊಮ್ಮಗಳಿಗೂ ಇದು ಗೊತ್ತು. ಚಾಚಿದ ಕೈ ಹಾಗೇ ನಿಂತಿತು.

"ತಗೊಳ್ಳವ್ವ" ಅಂದ ನನ್ನ ಮಗ.

"ಮಾವ, ಬೀಗದ ಕೈ ಅಷ್ಟೇ ಕೊಡು."

"ಅದು ಬ್ಯಾರೆ ಇದು ಬ್ಯಾರೆ ಏನೈತೆ? ಶೆಡ್ಡು ಮನೆ ಆಸ್ತಿ. ಮನೆ ಸೊಸೆ ಆದ್ಮೇಲೆ ಶೆಡ್ಡೇನು, ಮನೆಯೂ ನಿಂದೇ."

"ಬಾಡಿಗೆ ಕೊಡ್ತೀನಿ ಅಂದಿದ್ನಲ್ಲ."

"ಸ್ವಂತ ಮಾವಂಗೆ ಬಾಡಿಗೆ ಕೊಡ್ತೀಯಾ? ಜನ ಉಗಿಯಲ್ವಾ ನನಗೆ?"

ನನ್ನ ಮಗಳು ಅವಳ ತೋಳು ಚಿವುಟಿ, "ತಗೊಳ್ಳೇ, ಆಮ್ಯಾಲೆ ನೋಡ್ಕೊಳಾಣ" ಅಂದಳು. ಅಳಿಯ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಮದುಮಗನಾಗಬೇಕಾದವನು, ನನ್ನ ಮಗನ ಮಗ, ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. ಅವನೂ ನನ್ನ ಮೊಮ್ಮಗನೇ, ಕೆಟ್ಟವನಲ್ಲ. "ನೀನೇನಂತೀಯಪ್ಪ?" ಎಂದು ನಾನೇ ಕೇಳಿದೆ. "ನನ್ನನ್ನ ಯಾರು ಕೇಳಿದ್ರಜ್ಜಿ? ನನಗೂ ಈಗ್ಲೇ ಗೊತ್ತಾಗಿದ್ದು" ಅಂದ.

ನನಗೆ ತಡೆಯಲಾಗಲಿಲ್ಲ. "ಓಡಿಸಿ ತೋರ್ಸು ಅಂದಿದ್ದೆ ನೀನು. ಓಡಿಸಿದ್ಲು. ತಟ್ಟೆ ಮಾತು ಅವತ್ತು ಇರ್ಲಿಲ್ಲ" ಅಂದೆ. ಸಾಕ್ಷಿಗಳ ಕಡೆ ತಿರುಗಿದೆ. ಒಬ್ಬರು ಕೆಮ್ಮಿದರು. ಇನ್ನೊಬ್ಬರು, "ಮನೆ ವಿಷ್ಯ ಕಣಮ್ಮ, ನಾವೇನು ಹೇಳಾಣ" ಅಂದರು. ಹೋಳಿಗೆ ತಿನ್ನಲು ಬಂದವರು.

ನಾನೇ ಎದ್ದು ತಟ್ಟೆಯ ಮೇಲಿನ ಬೀಗದ ಕೈ ತೆಗೆದು ಅವಳ ಕೈಯಲ್ಲಿಟ್ಟೆ. ಅಜ್ಜಿ ಕೊಟ್ಟರೆ ಅದು ಬರೀ ಬೀಗದ ಕೈ ಎಂದು ನನ್ನ ಲೆಕ್ಕ. ಮಗ ನಕ್ಕುಬಿಟ್ಟ. "ಒಳ್ಳೇದೇ ಆಯ್ತು. ಮನೆ ಹಿರೇರು ಎತ್ತಿ ಕೊಡ್ಬೇಕು ಅಂತಿದ್ದೆ, ಅವ್ವನೇ ಎತ್ತಿ ಕೊಟ್ಲು. ತಟ್ಟೆಯಿಂದ ತಗೊಂಡಂಗೇ ಲೆಕ್ಕ." ಹೆತ್ತ ತಾಯಿಯ ಕೈಯನ್ನು ಹಾಗೆ ಬಳಸಿಕೊಂಡ.

ಮೊಮ್ಮಗಳು ಬೀಗದ ಕೈಯನ್ನು ಮತ್ತೆ ತಟ್ಟೆಯಲ್ಲಿಟ್ಟಳು. ಜೇಬಿನಿಂದ ಕಾರಿನ ಎರಡನೇ ಕೀಲಿ ತೆಗೆದು ಅದರ ಪಕ್ಕದಲ್ಲಿಟ್ಟಳು. "ಕಾರು ನಿಂದು ಮಾವ. ಈಗ ಭಾರ ಎಲ್ಲಾ ಹಿಂದಿನ ಡಬ್ಬಿ ಮೇಲೆ ಬೀಳ್ತೈತೆ, ಆಗಾಗ ಆಯಿಲ್ ನೋಡ್ಸು. ನಾನು ಬರ್ತೀನಿ." ದನಿ ಏರಲಿಲ್ಲ. ಹೋಳಿಗೆ ತಿನ್ನದೆ ಬಸ್ ಸ್ಟ್ಯಾಂಡಿಗೆ ನಡೆದಳು.

ನನ್ನ ಮಗ ಆ ಕಾರಿನಲ್ಲೇ ಊರೂರು ತಿರುಗುತ್ತಾನೆ. ಯಾರಾದರೂ ಕೇಳಿದರೆ, ಚಳ್ಳಕೆರೆ ವೆಲ್ಡಿಂಗಿನವನ ಕೈಲಿ ಮಾಡಿಸಿದೆ ಅನ್ನುತ್ತಾನೆ. ಶೆಡ್ಡನ್ನು ಗೊಬ್ಬರದ ವ್ಯಾಪಾರಿಗೆ ಗೋಡೌನಿಗೆ ಕೊಟ್ಟ. ಬಾಡಿಗೆಗೇ ಕೊಟ್ಟ. ಹೊರಗಿನವನಿಂದ ಬಾಡಿಗೆ ತಗೊಂಡರೆ ಜನ ಉಗಿಯುವುದಿಲ್ಲ. ಮೂಟೆ ಹಾಕಲು ನೆಲ ಸಮ ಬೇಕೆಂದು ಗುಂಡಿಗಳಿಗೆಲ್ಲ ಕಲ್ಲು ತುಂಬಿಸಿ ಮೇಲೆ ಸಿಮೆಂಟ್ ಎಳೆಸಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಏನಾದರೂ ಅಂದರೆ, "ನಿಂಗೆ ಗೊತ್ತಾಗಲ್ಲ ಸುಮ್ನಿರವ್ವ" ಅನ್ನುತ್ತಾನೆ.

ಮೊಮ್ಮಗಳು ಚಳ್ಳಕೆರೆಯಲ್ಲಿ ನಾಯಕನಹಟ್ಟಿ ರಸ್ತೆಗೆ ಒಂದು ಪಂಕ್ಚರ್ ಅಂಗಡಿಯ ಪಕ್ಕ ನಾಲ್ಕು ತಗಡು ಹೊದಿಸಿದ ಜಾಗ ಹಿಡಿದಿದ್ದಾಳೆ. ಮೊನ್ನೆ ಹೋಗಿದ್ದೆ. ಕುರಿ ಸಾಗಿಸುವ ಒಂದು ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದಳು. ಬೆನ್ನಿಗೆ ಜಲ್ಲಿ ಒತ್ತುತ್ತದೆ. ಗುಂಡಿ ತೋಡಲು ಜಾಗದವನು ಬಿಡುವುದಿಲ್ಲವಂತೆ. ಗಾಡಿಯವನು ಹೊರಗೆ ನಿಂತು, "ಬೇಗ ಮಾಡ್ರಿ ಮೇಸ್ತ್ರಿ, ಕುರಿ ಬಿಸಿಲಾಗೆ ಅವೆ" ಅನ್ನುತ್ತಿದ್ದ. ಮೇಸ್ತ್ರಿ ಅಂದ. ಬಹುವಚನ ಹಾಕಿ ಅಂದ. ನಾನು ಅವನನ್ನು ಪಕ್ಕಕ್ಕೆ ಕರೆದು ಕಾರಿನ ಕಥೆ ಮೊದಲಿಂದ ಶುರು ಮಾಡಿದೆ. ಗಾಡಿಯ ಕೆಳಗಿನಿಂದ, "ಅಜ್ಜಿ, ಅವರನ್ನ ಬಿಡು" ಎಂದು ಕೂಗಿದಳು. ಮಧ್ಯಾಹ್ನ ಟೈರಿನ ಮೇಲೆ ಕೂರಿಸಿ, ತಾನೇ ತಂದಿದ್ದ ಬುತ್ತಿ ಬಿಚ್ಚಿ, ಕೈ ತೊಳೆದರೂ ಹೋಗದ ಗ್ರೀಸಿನ ಬೆರಳಲ್ಲಿ ನನಗೆ ಮುದ್ದೆ ಮುರಿದು ಕೊಟ್ಟಳು.

ಸಂಜೆ ಮನೆಗೆ ಬಂದಾಗ ಮಗ ಜಗಲಿಯಲ್ಲಿದ್ದ. "ಹೆಂಗೈತೆ ಅವಳ ಅಂಗಡಿ?" ಎಂದು ಕೇಳಿದ.

"ನೀನೇ ಹೋಗಿ ನೋಡು."

"ನಾನ್ಯಾಕೆ ಹೋಗ್ಲಿ? ತಟ್ಟೆ ಒದ್ದು ಹೋದೋಳು ಅವಳು."

"ಒದೀಲಿಲ್ಲ. ಇಟ್ಟು ಹೋದ್ಲು."

ಅವನು ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಊಟಕ್ಕೆ ಕರೆದ. ಅಲ್ಲೇ ಉಂಡು ಬಂದೆ ಅಂದೆ, ಎದ್ದು ಹೋಗಿ ನನ್ನ ಹಾಸಿಗೆ ಬಿಚ್ಚಿಕೊಂಡೆ.